ಅಡಿಕೆ ಕೊಯ್ಲಿನ ಕಾಲಕ್ಕೆ ತೋಟದ ಮನೆಗೆ: ಚನ್ನಗಿರಿ–ಚಿತ್ರದುರ್ಗ ಸೀಮೆಯಲ್ಲಿ ಮಕ್ಕಳೊಂದಿಗೆ ರಜೆ ಕಳೆಯಲು ಮಾರ್ಗದರ್ಶಿ

ನಾಸಿಕ್‌ನ ವೈನ್ ತೋಟಗಳಿಗೆ, ವಿಜಯಪುರದ ದ್ರಾಕ್ಷಿ ತೋಟಗಳಿಗೆ ಕುಟುಂಬ ಸಮೇತ ಹೋಗಿಬರುವವರು ಈಗ ದಾವಣಗೆರೆಯಲ್ಲೂ ಇದ್ದಾರೆ. ಫೆಬ್ರುವರಿ–ಮಾರ್ಚ್‌ನಲ್ಲಿ ಗೊಂಚಲು ಕೊಯ್ಯುವ ಹೊತ್ತಿಗೆ ಹೋದವರು ಸಂತೋಷಪಟ್ಟು ಬರುತ್ತಾರೆ. ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಬಳ್ಳಿ ಬೋಳಾಗಿರುವಾಗ ಹೋದವರು ಕಂಬ, ತಂತಿ ನೋಡಿಕೊಂಡು ಬರುತ್ತಾರೆ. ತೋಟದ ಮನೆಯ ರಜೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ: ಬೆಳೆ ಕೈಗೆ ಬರುವ ದಿನಗಳಲ್ಲಿ ನೀವು ಅಲ್ಲಿರಬೇಕು. ಹಾಸಿಗೆ, ಸ್ನಾನದ ಮನೆ, ಊಟದ ಪಟ್ಟಿ ಎಲ್ಲವೂ ಅದರ ನಂತರದ ಮಾತು.

ಈ ದೃಷ್ಟಿಯಿಂದ ನಮ್ಮ ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ಸೀಮೆಗೆ ದೊಡ್ಡ ಅನುಕೂಲವಿದೆ. ಇಲ್ಲಿನ ಕೊಯ್ಲು ಮಕ್ಕಳ ದಸರಾ ರಜೆಯ ಜೊತೆಗೇ ಬರುತ್ತದೆ. ದ್ರಾಕ್ಷಿ ತೋಟದಲ್ಲಿ ವೈನ್ ರುಚಿ ನೋಡುವ ಕೋಣೆ ದೊಡ್ಡವರಿಗೆ ಮಾತ್ರ. ಅಡಿಕೆ ಮನೆಯಲ್ಲಿ ಕೊಯ್ಯುವುದರಿಂದ ಹಿಡಿದು ಒಣಗಿಸುವವರೆಗಿನ ಕೆಲಸವೆಲ್ಲ ಅಂಗಳದಲ್ಲೇ, ಎಲ್ಲರ ಕಣ್ಣೆದುರೇ ನಡೆಯುತ್ತದೆ. ನಮ್ಮ ತೋಟಕ್ಕೂ ಹೀಗೆ ಕುಟುಂಬಗಳು ಬರುತ್ತವೆ. ಬರುವ ಮೊದಲು ಅವರಿಗೆ ಫೋನಿನಲ್ಲಿ ಹೇಳುವುದನ್ನೆಲ್ಲ ಇಲ್ಲಿ ಒಂದೆಡೆ ಬರೆದಿದ್ದೇನೆ.

ಮೊದಲು ತಿಂಗಳನ್ನು ಆರಿಸಿ

ಈ ಭಾಗದಲ್ಲಿ ಅಡಿಕೆ ಕೊಯ್ಲು ಸಾಮಾನ್ಯವಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಡಿಸೆಂಬರ್–ಜನವರಿಯವರೆಗೆ ನಡೆಯುತ್ತದೆ. ಒಂದೇ ಮರದ ಗೊನೆಗಳು ಒಟ್ಟಿಗೆ ಬಲಿಯುವುದಿಲ್ಲ. ಆದ್ದರಿಂದ ಒಂದೊಂದು ತೋಟದಲ್ಲಿ ಮೂರು ನಾಲ್ಕು ಸುತ್ತು ಕೊಯ್ಲು ಇರುತ್ತದೆ. ಎರಡು ಸುತ್ತುಗಳ ನಡುವೆ ತಿಂಗಳಿಗೂ ಮೀರಿದ ಬಿಡುವು ಇರುವುದರಿಂದ ‘ಅಕ್ಟೋಬರ್‌ನಲ್ಲಿ ಬರುತ್ತೇವೆ’ ಎಂದರೆ ಸಾಲದು. ‘ನಿಮ್ಮ ಎರಡನೇ ಕೊಯ್ಲು ಯಾವ ವಾರ?’ ಎಂದು ಕೇಳಬೇಕು. ಗಣೇಶನ ಹಬ್ಬದ ಹೊತ್ತಿಗೆ ವಿಚಾರಿಸಿದರೆ ತೋಟದವರು ಒಂದು ಅಂದಾಜು ಹೇಳುತ್ತಾರೆ. ಮಳೆ ಹಿಡಿದರೆ ದಿನ ಮುಂದೆ ಹೋಗುತ್ತದೆ, ಏಕೆಂದರೆ ಬೇಯಿಸಿದ ಅಡಿಕೆ ಬಿಸಿಲು ಕಾಣದಿದ್ದರೆ ಬಣ್ಣ ಕೆಟ್ಟು ಬೂಸ್ಟು ಹಿಡಿಯುತ್ತದೆ. ಹಾಗಾಗಿ ರಜೆಯ ಮೊದಲ ದಿನಕ್ಕೇ ಅಂಟಿಕೊಳ್ಳದೆ ಒಂದೆರಡು ದಿನ ಹಿಂದೆ ಮುಂದೆ ಸರಿಸಲು ಸಾಧ್ಯವಾಗುವಂತೆ ಟಿಕೆಟ್ ಮಾಡಿಸಿ.

ಸಾಧ್ಯವಾದರೆ ಸೀಗೆ ಹುಣ್ಣಿಮೆಯನ್ನು ಒಳಗೊಳ್ಳುವಂತೆ ದಿನ ಗೊತ್ತುಮಾಡಿ. ವಿಜಯದಶಮಿಯಾದ ಐದನೇ ದಿನಕ್ಕೆ ಬರುವ ಈ ಭೂಮಿ ಹುಣ್ಣಿಮೆಯಂದು ರೈತರ ಮನೆಗಳಲ್ಲಿ ಅಡುಗೆ ಮಾಡಿ ಹೊಲಕ್ಕೆ ಒಯ್ದು, ಬೆಳೆಯನ್ನು ಪೂಜಿಸಿ, ಚರಗ ಚೆಲ್ಲಿ (ಎಡೆಯನ್ನು ಹೊಲಕ್ಕೆ ಎರಚಿ), ಅಲ್ಲೇ ಕುಳಿತು ಉಣ್ಣುತ್ತಾರೆ. ಪೈರನ್ನು ಬಸುರಿಯೆಂದು ಭಾವಿಸಿ ಬಯಕೆ ತೀರಿಸುವ ಹಬ್ಬ ಇದು. ಪಟ್ಟಣದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೊಲದ ಊಟವನ್ನು ನಾನು ತೋರಿಸಲಾರೆ. ದೀಪಾವಳಿಗೆ ಬರುವವರಿಗೆ ಹಟ್ಟಿ ಹಬ್ಬ, ದನಗಳ ಪೂಜೆ ಸಿಗುತ್ತದೆ. ಆದರೆ ಆ ದಿನಗಳಲ್ಲಿ ಮನೆಯವರ ನೆಂಟರೇ ತುಂಬಿರುತ್ತಾರೆ, ಕೆಲಸದವರು ರಜೆಯಲ್ಲಿರುತ್ತಾರೆ. ಕೊಯ್ಲು ನೋಡಬೇಕೆಂದಿದ್ದರೆ ದೀಪಾವಳಿಯ ವಾರ ಬೇಡ.

ಏಪ್ರಿಲ್–ಮೇ ರಜೆಗೆ ಬರುವುದಾದರೆ ಬಿಸಿಲು ತಡೆಯುವ ಶಕ್ತಿ ಬೇಕು. ಅಡಿಕೆ ತೋಟದ ಒಳಗೆ ತಂಪಿದ್ದರೂ ಬೋರು ಬತ್ತಿದ ವರ್ಷಗಳಲ್ಲಿ ಟ್ಯಾಂಕರ್ ನೀರು ಹೊಡೆಸಿ ಮರ ಉಳಿಸಿಕೊಳ್ಳುವ ತೋಟದವರ ತಲೆಯಲ್ಲಿ ಅತಿಥಿಗಳಿಗೆ ಜಾಗವಿರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲ. ಚಿಕ್ಕ ಮಕ್ಕಳಿದ್ದರೆ ಸಿಂಪಡಣೆಯ ದಿನ ಕೇಳಿ ತಪ್ಪಿಸಿ.

ಯಾವ ಬೆಳೆಯ ತೋಟ

ನನ್ನ ಮೊದಲ ಆಯ್ಕೆ ಅಡಿಕೆಯೇ. ನೆರಳು, ನೀರು, ಬಾಳೆ, ತೆಂಗು, ಮೆಣಸಿನ ಬಳ್ಳಿ ಎಲ್ಲ ಒಂದೇ ಕಡೆ ಸಿಗುತ್ತವೆ, ಮಕ್ಕಳು ದಿನವಿಡೀ ಹೊರಗೇ ಇರಬಹುದು. ಭದ್ರಾ ನಾಲೆಯ ಆಸುಪಾಸಿನ ತೋಟವಾದರೆ ಪಕ್ಕದಲ್ಲೇ ಭತ್ತದ ಗದ್ದೆಯೂ ಇರುತ್ತದೆ.

ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ತೋಟಗಳಿವೆ. ನೋಡಲು ಬಲು ಚೆಂದ, ಆದರೆ ಅಲ್ಲಿ ಒಂದು ಎಚ್ಚರಿಕೆ ಬೇಕು. ದಾಳಿಂಬೆಗೆ ದುಂಡಾಣು ಅಂಗಮಾರಿಯ ಕಾಟ ಹೆಚ್ಚಾದ್ದರಿಂದ ಔಷಧಿ ಸಿಂಪಡಣೆಯೂ ಹೆಚ್ಚು. ಮಕ್ಕಳು ಗಿಡದಿಂದ ಹಣ್ಣು ಕಿತ್ತು ನೇರವಾಗಿ ಬಾಯಿಗೆ ಹಾಕಬಾರದು. ಕೊನೆಯ ಸಿಂಪಡಣೆ ಯಾವಾಗ ಆಯಿತು ಎಂದು ಮನೆಯವರನ್ನು ಕೇಳಿ, ಅವರೇ ಕೊಟ್ಟ ಹಣ್ಣನ್ನು ತೊಳೆದು ತಿನ್ನಿಸಿ. ರೋಗ ಹರಡುತ್ತದೆಂಬ ಭಯದಿಂದ ಹೊರಗಿನವರನ್ನು ಸಾಲುಗಳ ನಡುವೆ ಬಿಡದ ರೈತರೂ ಇದ್ದಾರೆ. ಬೇಡವೆಂದರೆ ಬೇಸರ ಮಾಡಿಕೊಳ್ಳಬೇಡಿ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯದು ಇನ್ನೊಂದೇ ಲೋಕ: ಶೇಂಗಾ ಹೊಲ, ಕುರಿ ಹಿಂಡು, ಕಂಬಳಿ ನೇಯುವವರು, ಮ್ಯಾಸ ಬೇಡರು ತಲೆಮಾರುಗಳಿಂದ ಸಾಕುತ್ತ ಬಂದ ದೇವರ ಎತ್ತುಗಳು. ಆ ಎತ್ತುಗಳನ್ನು ನೋಡುವ ಮನಸ್ಸಿದ್ದರೆ ಅವನ್ನು ಕಾಯುವ ಕಿಲಾರಿಗಳ ಒಪ್ಪಿಗೆ ಪಡೆದು, ಅವರು ಹೇಳಿದಷ್ಟು ದೂರದಲ್ಲಿ ನಿಂತು ನೋಡಬೇಕು. ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ಆ ಕಡೆ ಹೋಗಿ. ತೀರಾ ಚಿಕ್ಕವರಿಗೆ ಅಲ್ಲಿನ ಬಿಸಿಲು, ಗಾಳಿ ಕಷ್ಟ.

ಮನೆ ಹುಡುಕುವುದು, ಫೋನಿನಲ್ಲಿ ಕೇಳುವುದು

ಚಿಕ್ಕಮಗಳೂರು, ಕೊಡಗಿನಂತೆ ಇಲ್ಲಿ ಹಾದಿಗೊಂದು ಹೋಂಸ್ಟೇ ಇಲ್ಲ. ಅತಿಥಿಗಳಿಗೆಂದು ಕೋಣೆ ಇಟ್ಟಿರುವ ತೋಟಗಳು ಬೆರಳೆಣಿಕೆಯಷ್ಟು. ಉಳಿದಂತೆ ಪರಿಚಯದ ಮೂಲಕವೇ ಹೋಗಬೇಕು. ದಾವಣಗೆರೆಯಲ್ಲಿ ಅಡಿಕೆ ತೋಟವಿರುವ ಒಬ್ಬ ಸಹೋದ್ಯೋಗಿಯೋ ನೆಂಟರೋ ಇಲ್ಲದ ಮನೆ ಅಪರೂಪ, ಅವರನ್ನು ಕೇಳಿ. ದುಡ್ಡು ಕೊಟ್ಟು ಇರುವವರು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿಬಿಡಿ. ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರಿಂದ ಹಣ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ನೀವಾಗಿಯೇ ಮೊತ್ತದ ಮಾತು ಎತ್ತದಿದ್ದರೆ ಕೊನೆಗೆ ಇಬ್ಬರಿಗೂ ಮುಜುಗರ. ವ್ಯವಹಾರವಾಗಿಯೇ ನಡೆಸುವ ಜಾಗವಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ವಿಚಾರಿಸಿ.

ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ತೋಟ ನಿಮ್ಮ ಕೈಯಲ್ಲೇ ಇದೆಯೋ, ಖೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದೀರೋ? ಖೇಣಿಗೆ ಕೊಟ್ಟ ತೋಟದಲ್ಲಿ ಆ ವರ್ಷದ ಫಸಲು ಖೇಣಿದಾರನದು. ಅಡಿಕೆ ಕೊಯ್ದು ಅವನ ಮನೆಗೋ ಕಣಕ್ಕೋ ಸಾಗಿಸುತ್ತಾನೆ. ಆಗ ನಿಮಗೆ ಕೊಯ್ಲು ಮಾತ್ರ ಕಾಣುತ್ತದೆ; ಸುಲಿಯುವುದು, ಬೇಯಿಸುವುದು, ಒಣಗಿಸುವುದು ಕಾಣುವುದಿಲ್ಲ. ಈ ರಜೆಯ ಅರ್ಧಕ್ಕಿಂತ ಹೆಚ್ಚು ಸೊಗಸು ಇರುವುದು ಆ ಕೆಲಸಗಳಲ್ಲೇ. ಮನೆಯವರೇ ಅಡಿಕೆ ಬೇಯಿಸುವ ತೋಟವನ್ನೇ ಹುಡುಕಿ.

ಆಮೇಲೆ ಇವನ್ನು ಕೇಳಿ. ತೋಟದ ಮನೆ ಊರಿನಿಂದ ಎಷ್ಟು ದೂರ, ಮಳೆ ಬಂದರೆ ಕಾರು ಒಳಗೆ ಹೋಗುತ್ತದೆಯೇ? ಎರೆಮಣ್ಣಿನ ದಾರಿಯಾದರೆ ಒಂದು ಮಳೆಗೇ ಚಕ್ರ ಹೂತುಹೋಗುತ್ತದೆ. ಮೊಣಕಾಲು ನೋವಿರುವ ಅಜ್ಜ, ಅಜ್ಜಿ ಬರುವುದಾದರೆ ಕೂರುವ ಕಮೋಡ್ ಇದೆಯೇ? ರಾತ್ರಿ ಕರೆಂಟ್ ಹೋದರೆ ಯುಪಿಎಸ್ ಉಂಟೇ? ನಾಯಿ ಕಟ್ಟಿರುತ್ತದೆಯೇ? ಕುಡಿಯುವ ನೀರು ಎಲ್ಲಿಯದು? ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವ ಮನೆಯಾದರೆ ನಿಶ್ಚಿಂತೆ.

ಮನೆಯ ಅಡುಗೆ ಸಸ್ಯಾಹಾರವೋ ಹೇಗೆ ಎಂಬುದನ್ನೂ ತಿಳಿದುಕೊಳ್ಳಿ. ಈ ಸೀಮೆಯ ಬಹಳಷ್ಟು ತೋಟದ ಮನೆಗಳಲ್ಲಿ ಮಾಂಸ, ಮದ್ಯ ಎರಡನ್ನೂ ಒಳಗೆ ಬಿಡುವುದಿಲ್ಲ. ವೈನ್ ತೋಟದ ಅಭ್ಯಾಸದಲ್ಲಿ ಬಾಟಲಿ ಹಿಡಿದುಕೊಂಡು ಬರಬೇಡಿ.

ಮಕ್ಕಳ ಸುರಕ್ಷತೆ: ಇದರಲ್ಲಿ ರಾಜಿ ಬೇಡ

ಎಲ್ಲಕ್ಕಿಂತ ಹೆಚ್ಚು ಅಪಾಯದ ಜಾಗ ಕೃಷಿ ಹೊಂಡ. ನೀರು ಇಂಗದಂತೆ ಪಾಲಿಥಿನ್ ಹಾಳೆ ಹೊದಿಸಿದ ಹೊಂಡದ ಇಳಿಜಾರಿನಲ್ಲಿ ಕಾಲು ಜಾರಿದರೆ ಈಜು ಬಲ್ಲ ದೊಡ್ಡವರೂ ಮೇಲೆ ಹತ್ತಿ ಬರಲಾರರು, ಹಿಡಿತವೇ ಸಿಗುವುದಿಲ್ಲ. ಹೊಂಡಕ್ಕೆ ಸುತ್ತ ಬೇಲಿ ಇದೆಯೇ, ಗೇಟಿಗೆ ಬೀಗ ಇದೆಯೇ, ಟ್ಯೂಬು ಅಥವಾ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದಾರೆಯೇ ಎಂದು ಮೊದಲೇ ಕೇಳಿ. ಬೇಲಿ ಇಲ್ಲದ ಹೊಂಡವಿರುವ ತೋಟಕ್ಕೆ ಹತ್ತು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಬೇಡಿ ಎಂಬುದೇ ನನ್ನ ಸ್ಪಷ್ಟ ಸಲಹೆ. ಭದ್ರಾ ನಾಲೆಯಲ್ಲೂ ಅಷ್ಟೇ: ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಜೋರು, ಸಿಮೆಂಟಿನ ದಂಡೆ ಪಾಚಿಗಟ್ಟಿರುತ್ತದೆ. ನೀರಾಟದ ಆಸೆಗೆ ಮೋಟರಿನ ನೀರು ಬೀಳುವ ತೊಟ್ಟಿ ಸಾಕು, ಅದೂ ದೊಡ್ಡವರೊಬ್ಬರು ಪಕ್ಕದಲ್ಲಿದ್ದಾಗ.

ಅಡಿಕೆ ತೋಟದ ತೇವಕ್ಕೆ, ಒಣ ಸೋಗೆಯ (ಅಡಿಕೆ ಗರಿಯ) ರಾಶಿಗೆ ಹಾವು ಬರುತ್ತವೆ, ಕೊಳಕುಮಂಡಲವೂ ಅವುಗಳಲ್ಲೊಂದು. ಕತ್ತಲಾದ ಮೇಲೆ ಬ್ಯಾಟರಿ ಮತ್ತು ಮುಚ್ಚಿದ ಬೂಟು ಇಲ್ಲದೆ ಅಂಗಳ ದಾಟುವುದು ಬೇಡ. ಬಿದ್ದ ಅಡಿಕೆ ಹಾಳೆಯನ್ನು (ಸೋಗೆಯ ಅಗಲವಾದ ಬುಡವನ್ನು) ಮಕ್ಕಳು ಕೈಯಿಂದ ಎತ್ತುವ ಮೊದಲು ಕೋಲಿನಿಂದ ಮಗುಚಲಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ಇಲ್ಲವೇ ಕಾರಿನಲ್ಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಧಾವಿಸಿ. ಬಂದ ದಿನವೇ ಆಸ್ಪತ್ರೆಯ ದಾರಿಯನ್ನು ಮನೆಯವರಿಂದ ಕೇಳಿಟ್ಟುಕೊಳ್ಳಿ.

ಮಳೆ ಬಂದಾಗ ಬಿದ್ದ ಹಾಳೆಗಳಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತವೆ. ಸಂಜೆಗೆ ಉದ್ದ ತೋಳಿನ ಅಂಗಿ, ಸೊಳ್ಳೆ ಮುಲಾಮು, ಪರದೆ ಇರಲಿ. ಇನ್ನೊಂದು ಮಾತು: ಕೊಯ್ಲಿನ ಅಂಗಳದಲ್ಲಿ ಕೈಗೆಟುಕುವಂತೆ ಅಡಿಕೆ ಬಿದ್ದಿರುತ್ತದೆ. ಮಕ್ಕಳು ಅದನ್ನು ಅಗಿಯಬಾರದು. ಹಸಿ ಅಡಿಕೆ ತಲೆ ಸುತ್ತಿಸಿ ಬೆವರಿಳಿಸುತ್ತದೆ. ಅಡಿಕೆ ಅಗಿಯುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರ್ಗೀಕರಿಸಿದೆ. ಬೆಳೆಯುವ ನಾವೂ ಇದನ್ನು ಮಕ್ಕಳಿಂದ ಮುಚ್ಚಿಡಬಾರದು.

ಗಂಟುಮೂಟೆ

ಬಟ್ಟೆಯ ವಿಷಯದಲ್ಲಿ ಒಂದೇ ನಿಯಮ: ಹಳೆಯದು, ಗಾಢ ಬಣ್ಣದ್ದು. ಅಡಿಕೆ ಬೇಯಿಸಿದ ರಸ, ಅಂದರೆ ಚೊಗರು ಬಿದ್ದ ಕಲೆ ಯಾವ ಸಾಬೂನಿಗೂ ಹೋಗುವುದಿಲ್ಲ. ಟೋಪಿ, ಬೂಟು, ಆಳಿಗೊಂದು ಬ್ಯಾಟರಿ, ದಿನನಿತ್ಯದ ಔಷಧಿ, ಸ್ವಲ್ಪ ನಗದು ಸಾಕು. ಒಂದು ಸ್ಪ್ರಿಂಗ್ ತಕ್ಕಡಿ ಇದ್ದರೆ ತನ್ನಿ, ಮಕ್ಕಳ ಕೈಗೆ ಕೆಲಸ ಸಿಗುತ್ತದೆ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಬೆಂಗಳೂರಿನಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು, ಚಿತ್ರದುರ್ಗದ ಮೂಲಕ ಬಂದರೆ ಸುಲಭ. ರೈಲಿನವರು ಚನ್ನಗಿರಿ ಕಡೆಗಾದರೆ ದಾವಣಗೆರೆಯಲ್ಲಿ, ಹೊಳಲ್ಕೆರೆ ಕಡೆಗಾದರೆ ಚಿಕ್ಕಜಾಜೂರಿನಲ್ಲಿ ಇಳಿಯಬಹುದು. ಮಧ್ಯಾಹ್ನ ಮೂರರೊಳಗೆ ಮನೆ ಸೇರಿ. ಬೆಳಕಿರುವಾಗಲೇ ಮಕ್ಕಳಿಗೆ ಹೊಂಡ, ಬಾವಿ, ಯಂತ್ರಗಳ ಜಾಗ ತೋರಿಸಿ ಎಲ್ಲಿಗೆ ಹೋಗಬಾರದೆಂದು ಹೇಳಬೇಕು.

ಕೊಯ್ಲಿನ ದಿನ

ಕನಿಷ್ಠ ಮೂರು ರಾತ್ರಿ ಒಂದೇ ಮನೆಯಲ್ಲಿರಿ. ಅಡಿಕೆ ಮರದಿಂದಿಳಿದು ಬೇಯುವ ಹಂಡೆಗೆ ಬಂದು ಕಣದಲ್ಲಿ ಹರಡಿಕೊಳ್ಳುವುದನ್ನು ಒಂದು ದಿನದಲ್ಲಿ ನೋಡಲಾಗದು.

ಕೊಯ್ಲಿನವರು ಬೆಳಿಗ್ಗೆ ಬೇಗ ಬರುತ್ತಾರೆ. ಈಗ ಹೆಚ್ಚಿನ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿಯಿಂದ (ಉದ್ದನೆಯ ಕೋಲಿನಿಂದ) ನೆಲದಲ್ಲೇ ನಿಂತು ಗೊನೆ ಇಳಿಸುತ್ತಾರೆ. ಮರ ಹತ್ತುವ ನುರಿತವರು ಕಡಿಮೆಯಾಗಿದ್ದಾರೆ. ಗೊನೆ ಬೀಳುವ ಸಾಲಿನಿಂದ ನಾಲ್ಕೈದು ಸಾಲು ಆಚೆ ನಿಂತು ನೋಡಿ. ಆ ಸಾಲಿನ ಕೆಲಸ ಮುಗಿಯಿತು ಎಂದು ಅವರೇ ಹೇಳಿದ ಮೇಲೆ ಮಕ್ಕಳು ಉದುರಿದ ಕಾಯಿ ಆರಿಸಲು ಹೋಗಬಹುದು. ಬುಟ್ಟಿ ಕೊಟ್ಟರೆ ಮಧ್ಯಾಹ್ನದವರೆಗೆ ಅವರಿಗೆ ಬೇರೆ ಆಟ ಬೇಡ. ಕೆಲಸದವರನ್ನು ಅಕ್ಕ, ಅಣ್ಣ ಎಂದೇ ಕರೆಯಲು ಮಕ್ಕಳಿಗೆ ಹೇಳಿಕೊಡಿ, ಕೇಳದೆ ಫೋಟೊ ತೆಗೆಯಬೇಡಿ.

ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿಯಬೇಕು. ದೊಡ್ಡ ತೋಟಗಳಲ್ಲಿ ಸುಲಿಯುವ ಯಂತ್ರವಿದೆ. ಅದರ ಹತ್ತಿರ ಮಕ್ಕಳು ಸುಳಿಯಬಾರದು. ಸಣ್ಣ ಮನೆಗಳಲ್ಲಿ ಈಗಲೂ ಮೆಟ್ಟುಗತ್ತಿಯ ಮುಂದೆ ಕುಳಿತು ಕೈಯಿಂದ ಸುಲಿಯುವ ಹೆಂಗಸರಿದ್ದಾರೆ. ಅವರ ಕೈ ಓಡುವ ವೇಗವನ್ನು ನಾಲ್ಕು ಅಡಿ ದೂರದಲ್ಲಿ ಕುಳಿತು ನೋಡುತ್ತ ಮಾತಿಗೆ ಕಿವಿಗೊಡಿ. ಊರಿನ ಸುದ್ದಿ, ಸೋಬಾನೆ ಪದ, ಬೆಲೆಯ ಲೆಕ್ಕಾಚಾರ ಎಲ್ಲ ಅಲ್ಲಿ ಹರಿಯುತ್ತದೆ. ಸುಲಿಯುವವರಿಗೆ ಕೂಲಿ ಅಳತೆಯ ಮೇಲೆ ಸಿಗುವುದರಿಂದ ಪ್ರಶ್ನೆ ಕೇಳಿ ಕೈ ನಿಲ್ಲಿಸಬೇಡಿ.

ಸುಲಿದ ಅಡಿಕೆ ಹಂಡೆಗೆ ಬಿದ್ದ ಮೇಲೆ ನಿಜವಾದ ವಿದ್ಯೆ ಶುರು. ಹಿಂದಿನ ಸಲ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸವೇ ಚೊಗರು. ಅದನ್ನು ನೀರಿಗೆ ಸೇರಿಸಿ ಬೇಯಿಸಿದರೆ ಅಡಿಕೆಗೆ ಕೆಂಪು ಬಣ್ಣ, ಹೊಳಪು ಬರುತ್ತದೆ. ಎಷ್ಟು ಹೊತ್ತು, ಎಷ್ಟು ಚೊಗರು ಎಂಬುದು ಬೇಯಿಸುವವರ ಕಣ್ಣಿನ ಅಂದಾಜು, ಮನೆಯಿಂದ ಮನೆಗೆ ಬೇರೆ. ದ್ರಾಕ್ಷಿ ರಸ ಹುಳಿ ಬರಿಸುವವರು ತಮ್ಮ ಪೀಪಾಯಿಗಳ ಬಗ್ಗೆ ಮಾತನಾಡುವಷ್ಟೇ ಹೆಮ್ಮೆಯಿಂದ ನಮ್ಮ ಹಿರಿಯರು ತಮ್ಮ ಚೊಗರಿನ ಬಗ್ಗೆ ಹೇಳುತ್ತಾರೆ. ಸಂಜೆ ಒಲೆಯ ಮುಂದೆ ಕುಳಿತಿರುವ ಮನೆಯ ಅಜ್ಜನನ್ನು ಈ ಬಗ್ಗೆ ಕೇಳಿ ನೋಡಿ. ಊಟದ ಕರೆ ಬರುವವರೆಗೆ ಮಾತು ನಿಲ್ಲುವುದಿಲ್ಲ. ಕುದಿಯುವ ಹಂಡೆಯಿಂದ ಮಕ್ಕಳು ಮಾತ್ರ ದೂರವಿರಲಿ.

ತಕ್ಕಡಿಯ ಉಪಯೋಗ ಇಲ್ಲಿದೆ. ಕೊಯ್ದ ದಿನ ಹತ್ತು ಕಿಲೊ ಹಸಿ ಅಡಿಕೆ ತೂಗಿ, ಮನೆಯವರ ಒಪ್ಪಿಗೆ ಪಡೆದು ಅದನ್ನಷ್ಟೇ ಬೇರೆಯಾಗಿ ಸುಲಿಸಿ, ಒಂದು ಬಟ್ಟೆಯಲ್ಲಿ ಕಟ್ಟಿ ಬೇಯಿಸಿ, ಒಣಗಲು ಇಡಿ. ಸಿಪ್ಪೆ ಹೋಗಿ, ನೀರು ಆರಿ, ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಕೊನೆಗೆ ಉಳಿಯುವುದು ಸುಮಾರು 12–13 ಕಿಲೊ ಮಾತ್ರ. ಪೂರ್ತಿ ಒಣಗಲು ಒಂದು ವಾರದಷ್ಟು ಬಿಸಿಲು ಬೇಕಾದ್ದರಿಂದ ಕೊನೆಯ ತೂಕವನ್ನು ಮನೆಯವರು ಫೋನಿನಲ್ಲಿ ತಿಳಿಸಬೇಕಾಗುತ್ತದೆ. ದಿನಕ್ಕೊಮ್ಮೆ ತೂಗಿ ಬರೆದಿಟ್ಟ ಮಕ್ಕಳು ಆ ಫೋನಿಗಾಗಿ ಕಾಯುತ್ತಾರೆ.

ನಡುವೆ ಹಾಳೆಯ ಬಂಡಿ ಇದ್ದೇ ಇದೆ. ಸೋಗೆ ಸಮೇತ ಬಿದ್ದ ಅಗಲವಾದ ಹಾಳೆಯ ಮೇಲೆ ಒಬ್ಬರು ಕುಳಿತರೆ ಇನ್ನೊಬ್ಬರು ಸೋಗೆ ಹಿಡಿದು ಎಳೆಯುವುದು. ಇದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಊಟದ ಮಾತು

ಚನ್ನಗಿರಿ, ದಾವಣಗೆರೆ ಕಡೆ ಜೋಳದ ರೊಟ್ಟಿ, ಮುಳುಗಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಹಿರಿಯೂರು, ಹೊಸದುರ್ಗದ ಕಡೆ ರಾಗಿ ಮುದ್ದೆ, ಸೊಪ್ಪಿನ ಸಾರು. ಖಾರ ಹೆಚ್ಚು; ಮಕ್ಕಳಿಗೆ ಕಡಿಮೆ ಹಾಕಲು ಮೊದಲೇ ಹೇಳಿ. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದ್ದರೆ ಗಿಣ್ಣು ಸಿಗುವ ಭಾಗ್ಯವೂ ಇದೆ. ರೊಟ್ಟಿ ಬಡಿಯುವುದನ್ನು ಕಲಿಯುವ ಆಸೆಯಿದ್ದರೆ ಕೇಳಿ, ಆದರೆ ಕರೆಯದೆ ಅಡುಗೆಮನೆಗೂ ದೇವರ ಕೋಣೆಗೂ ಹೋಗಬೇಡಿ. ಬೆಣ್ಣೆ ದೋಸೆ, ಮಿರ್ಚಿ, ಮಂಡಕ್ಕಿಯನ್ನು ದಾವಣಗೆರೆ ಪೇಟೆಗೇ ಬಿಡಿ. ತೋಟದ ಮನೆಯವರನ್ನು ಅದಕ್ಕಾಗಿ ಕಾಡುವುದು ಸರಿಯಲ್ಲ.

ಹೊರಗೆ ಒಂದೇ ದಿನ

ಮೂರನೇ ದಿನ ಹೊರಗೆ ಹೋಗಿ ಬನ್ನಿ. ಚನ್ನಗಿರಿ ಕಡೆಯವರಿಗೆ ಸೂಳೆಕೆರೆ ಮತ್ತು ಸಂತೇಬೆನ್ನೂರಿನ ಪುಷ್ಕರಣಿ. ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯಬೇಕು. ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಕಟ್ಟೆ ಕಟ್ಟಿ ಅಷ್ಟು ನೀರು ನಿಲ್ಲಿಸಿದ ಜಾಣ್ಮೆ ಅಲ್ಲಿ ನಿಂತಾಗಲೇ ತಿಳಿಯುತ್ತದೆ. ಸಂತೇಬೆನ್ನೂರಿನಲ್ಲಿ ನಾಯಕರ ಕಾಲದ ಹೊಂಡ, ನೀರಿನ ನಡುವೆ ಮಂಟಪ, ಪಕ್ಕದಲ್ಲಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಸೇರಿಕೊಂಡ ಮುಸಾಫಿರ್‌ಖಾನೆ. ಎರಡು ಕಡೆಗೂ ಸೇರಿ ಅರ್ಧ ದಿನ ಸಾಕು.

ಹಿರಿಯೂರಿನ ಕಡೆಯವರು ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ನೋಡಿ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆ ವರ್ಷ ಕೋಡಿ ನೋಡಲು ಸುತ್ತಲಿನ ಊರುಗಳೆಲ್ಲ ಅಲ್ಲಿಗೇ ಬಂದಿದ್ದವು.

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಈ ದಿನಕ್ಕೆ ತುರುಕಬೇಡಿ. ಬೆಂಗಳೂರಿಗೆ ಮರಳುವವರು ಹೊಳಲ್ಕೆರೆಯ ಬಯಲು ಗಣಪತಿಗೆ ಕೈಮುಗಿದು, ಚಿತ್ರದುರ್ಗಕ್ಕೆ ಬೇಗ ಬಂದು, ಬಿಸಿಲೇರುವ ಮೊದಲು ಕೋಟೆ ಹತ್ತುವುದು ಒಳ್ಳೆಯದು. ಒನಕೆ ಓಬವ್ವನ ಕಿಂಡಿಯ ಮುಂದೆ ಮಕ್ಕಳು ನಿಲ್ಲುವಷ್ಟು ಹೊತ್ತು ನಿಲ್ಲಲಿ.

ಲೆಕ್ಕ ಚುಕ್ತಾ

ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು, ಊಟ ಸೇರಿದೆಯೇ ಎಂಬುದನ್ನು ಬರುವ ಮೊದಲೇ ಗೊತ್ತುಮಾಡಿ, ಹೊರಡುವ ಹಿಂದಿನ ರಾತ್ರಿ ಕೊಟ್ಟುಬಿಡಿ. ಬೆಳಿಗ್ಗೆ ಎಲ್ಲರ ಎದುರು ನೋಟು ಎಣಿಸುವುದು ಮನೆಯವರಿಗೆ ಹಿಡಿಸುವುದಿಲ್ಲ. ಅಡುಗೆಗೆ ನೆರವಾದವರಿಗೆ ಬೇರೆಯಾಗಿ ಕೊಡುವ ಮನಸ್ಸಿದ್ದರೆ ಯಜಮಾನಿಗೆ ತಿಳಿಸಿಯೇ ಕೊಡಿ. ಮೆಣಸು, ತೆಂಗಿನಕಾಯಿ, ಹಾಳೆ ತಟ್ಟೆ ಬೇಕಿದ್ದರೆ ಅಂಗಡಿಯ ಬೆಲೆಗೇ ಕೊಳ್ಳಿ, ಚೌಕಾಸಿ ಬೇಡ.

ಚನ್ನಗಿರಿಯ ಮೂಲಕ ಹೋಗುವವರು ತುಮ್ಕೋಸ್ ಸಹಕಾರ ಸಂಘದ ಅಥವಾ ಅಲ್ಲಿನ ಮಂಡಿಗಳ ದರಪಟ್ಟಿಯನ್ನು ಒಮ್ಮೆ ಓದಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಬಗೆಗಳಿಗೆ ಸಾಲಾಗಿ ಬರೆದ ದರಗಳಲ್ಲಿ, ನಿಮ್ಮ ಮಕ್ಕಳು ಆರಿಸಿ ಬುಟ್ಟಿಗೆ ಹಾಕಿದ ಅಡಿಕೆ ಯಾವ ಸಾಲಿಗೆ ಸೇರುತ್ತದೆಂದು ಅವರೇ ಹುಡುಕಲಿ. ಮುಂದಿನ ವರ್ಷವೂ ಬರುವುದಾದರೆ ಹೊರಡುವಾಗಲೇ ಮಾತು ಹಾಕಿಡಿ. ದಸರಾ ವಾರಕ್ಕೆ ಕೋಣೆ ಕೇಳುವವರು ಹೆಚ್ಚುತ್ತಿದ್ದಾರೆ.